ಲ್ಯಾಪ್‌ಟಾಪ್ ಮೆಕ್ಯಾನಿಕ್ಕು ಮತ್ತು ಕಂಪನಿಯ ಲೆಕ್ಕ

ಶನಿವಾರ ರಾತ್ರಿ ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಿಂತ್ಕೊಳ್ಳಿ. ಢಬ್ ಢಬ್ ಅಂತ ಸದ್ದು ಮಾಡ್ಕೊಂಡು ಒಂದು ಕಾರು ಹೋಗುತ್ತೆ. ಪಟಾಕಿ ಅಲ್ಲ ವೀಕ್ಷಕರೇ, ಸೈಲೆನ್ಸರ್ ಕೊಳವೆಯೊಳಗೆ ಪೆಟ್ರೋಲ್ ಉರಿಯುವ ಸದ್ದು. ದುಡ್ಡು ಕೊಟ್ಟು ಮಾಡಿಸಿಕೊಂಡದ್ದು!

ಹಿಂದೆ ಗಾಡಿಗೆ ಜೋರು ಬೇಕೆಂದರೆ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ ಕಾರ್ಬ್ಯುರೇಟರ್ ಜೆಟ್ ಹುಡುಕಬೇಕಿತ್ತು. ಈಗ ಸ್ಟೇರಿಂಗ್ ಕೆಳಗಿನ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸಾಕು. ಇದೇ ರೀಮ್ಯಾಪ್.

ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು, ಟರ್ಬೊ ಎಷ್ಟು ಗಾಳಿ ತುಂಬಬೇಕು ಎಂಬ ಲೆಕ್ಕ ಕಾರಿನ ಇಸಿಯು ಎಂಬ ಪೆಟ್ಟಿಗೆಯಲ್ಲಿರುತ್ತೆ. ಟ್ಯೂನರ್ ಆ ಅಂಕಿಗಳನ್ನು ತಿದ್ದುತ್ತಾನೆ. ಶಕ್ತಿ ಹೆಚ್ಚುತ್ತೆ, ಸುಳ್ಳಲ್ಲ. ಕಂಪನಿಗಳೂ ಇದನ್ನೇ ಮಾಡುತ್ತವೆ. ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಎಂಜಿನ್ ನಮ್ಮಲ್ಲಿ ಪೋಲೊದಲ್ಲಿ 110 ಪಿಎಸ್ ಕೊಡುತ್ತಿತ್ತು, ಟೈಗುನ್‌ನಲ್ಲಿ 115.

ಹಾಗಾದರೆ ಕಂಪನಿಯವರು ಶಕ್ತಿಯನ್ನು ಪೂರ್ತಿ ಯಾಕೆ ಕೊಡಲ್ಲ? ಅದೇ ಕಾರು ಲಡಾಖ್ ಚಳಿಯಲ್ಲೂ ಸ್ಟಾರ್ಟ್ ಆಗಬೇಕು, ಏಪ್ರಿಲ್ ಬಿಸಿಲಲ್ಲಿ ಕೆ.ಆರ್.ಪುರಂ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಎಸಿ ಹಾಕ್ಕೊಂಡು ಒಂದು ಗಂಟೆ ನಿಲ್ಲಬೇಕು. ಬಂಕ್‌ನ ಸಾಮಾನ್ಯ ಪೆಟ್ರೋಲನ್ನೇ ಕುಡಿಯಬೇಕು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ಮಿತಿಯನ್ನೂ ದಾಟಬಾರದು. ಇದಕ್ಕೆಲ್ಲ ಇಟ್ಟ ಆಪತ್ಧನವೇ ಆ ಉಳಿಕೆ ಶಕ್ತಿ. ರೀಮ್ಯಾಪ್ ಎಂದರೆ ಆ ಗಂಟನ್ನು ಬಿಚ್ಚಿ ಖರ್ಚು ಮಾಡುವುದು.

ಹಲಸೂರಿನಲ್ಲಿ ನನಗೆ ಗೊತ್ತಿರುವ ಹುಡುಗನೊಬ್ಬ ಖರ್ಚು ಮಾಡಿದ. ಕಾರು ಅಪ್ಪನ ಹೆಸರಲ್ಲಿ, ಬ್ಯಾಂಕ್ ಸಾಲ. ಕೆಲವೇ ತಿಂಗಳಲ್ಲಿ ಪಿಸ್ಟನ್ ಒಡೆಯಿತು. ಇಸಿಯು ತಿದ್ದಿದ್ದು ಗೊತ್ತಾಗಿ ವಾರಂಟಿ ಹೋಯಿತು. ಆ ಅಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾರ್, ಸದ್ದಿಗೆ ಇಷ್ಟು ದುಡ್ಡಾ?" ನನಗೆ ಉತ್ತರ ಹೊಳೀಲಿಲ್ಲ.

ಒಳ್ಳೆಯ ಟ್ಯೂನರ್‌ಗಳು ಇಲ್ಲವೇ? ಇದ್ದಾರೆ. ಅವರು ಮೊದಲು ಕಾರನ್ನು ಡೈನೊ ಮೇಲೆ ಓಡಿಸಿ ಅಳೆಯುತ್ತಾರೆ, ಎಂಜಿನ್ ನಾಕ್ ಹೊಡೀತಿದೆಯಾ ನೋಡುತ್ತಾರೆ, ಮೂಲ ಫೈಲ್ ಜೋಪಾನ ಮಾಡುತ್ತಾರೆ, ಯಾವ ಪೆಟ್ರೋಲ್ ಹಾಕಬೇಕು ಅಂತ ಹೇಳುತ್ತಾರೆ. ಅರ್ಧ ಗಂಟೆಯಲ್ಲಿ ಯಾರದೋ ಫೈಲ್ ತುಂಬಿ ಕಳಿಸುವವನು ಟ್ಯೂನರ್ ಅಲ್ಲ. ಢಬ್ ಢಬ್ ಸದ್ದಿನ ಬಿಸಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ರೇ ಹಾಳಾಗುತ್ತೆ ಅಂತ ಅವನು ಹೇಳಲ್ಲ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಹೇಳಲ್ಲ.

ವೇಗದ ಆಸೆ ತಪ್ಪಲ್ಲ ಕಣ್ರೀ. ಆದರೆ ಲ್ಯಾಪ್‌ಟಾಪ್ ಸಿಕ್ಕಿಸುವ ಮುನ್ನ ಒಂದು ಪ್ರಶ್ನೆ ಕೇಳಿ: ನಾಳೆ ಎಂಜಿನ್ ಹೋದರೆ ಬಿಲ್ ಯಾರದು?