ಪಿತ್ತಕೋಶದ ಕಲ್ಲು ಮತ್ತು ಹೋಮಿಯೋಪತಿ: ನಾವು ತಿಳಿದಿರಬೇಕಾದುದು

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಹೋಮಿಯೋಪತಿಯ ಬಿಳಿ ಗುಳಿಗೆಗಳಿಗೆ ಬಹುಕಾಲದಿಂದ ವಿಶ್ವಾಸದ ಸ್ಥಾನವಿದೆ. ಕರಾವಳಿಯಿಂದ ಬಂದವರಿಗಂತೂ ಈ ಪದ್ಧತಿ ಊರಿನಿಂದಲೇ ಪರಿಚಿತ. ಜರ್ಮನಿಯಿಂದ ಬಂದ ಜೆಸ್ಯುಯಿಟ್ ಪಾದ್ರಿ ಫಾದರ್ ಆಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದುದು 1880ರಲ್ಲಿ. ಆದುದರಿಂದ ಮಾಟುಂಗದ ನಮ್ಮವರಲ್ಲಿ ಯಾರಿಗಾದರೂ ಪಿತ್ತಕೋಶದಲ್ಲಿ ಕಲ್ಲು ಕಂಡುಬಂದರೆ, ‘ಶಸ್ತ್ರಚಿಕಿತ್ಸೆಗೆ ಆತುರವೇಕೆ, ಗುಳಿಗೆಯಲ್ಲೇ ಕರಗೀತು’ ಎಂಬ ಹಿತವಚನ ಕೇಳಿಬರುವುದು ಸಹಜ. ನಾವು ವೈದ್ಯರಲ್ಲ, ಬ್ಯಾಂಕಿನ ನೌಕರರು. ಆದರೂ ಈ ಹಿತವಚನವನ್ನು ನಂಬುವ ಮೊದಲು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಯಕೃತ್ತು ಉತ್ಪಾದಿಸುವ ಪಿತ್ತರಸವನ್ನು ಸಂಗ್ರಹಿಸಿಡುವ ಪುಟ್ಟ ಚೀಲವೇ ಪಿತ್ತಕೋಶ. ಜಿಡ್ಡಿನ ಆಹಾರ ಕರುಳನ್ನು ತಲುಪಿದಾಗ ಅದು ಸಂಕುಚಿಸಿ ರಸವನ್ನು ಹೊರಸೂಸುತ್ತದೆ. ಪಿತ್ತರಸದಲ್ಲಿ ಕೊಲೆಸ್ಟರಾಲ್ ಅಥವಾ ವರ್ಣದ್ರವ್ಯ ಮಿತಿಮೀರಿದಾಗ ಅದು ಹರಳುಗಟ್ಟಿ ಕಲ್ಲಾಗುತ್ತದೆ. ಸ್ಥೂಲಕಾಯದವರಲ್ಲಿ, ಮಹಿಳೆಯರಲ್ಲಿ, ದೀರ್ಘ ಉಪವಾಸದಿಂದ ಥಟ್ಟನೆ ತೂಕ ಇಳಿಸಿಕೊಂಡವರಲ್ಲಿ ಇದರ ಸಂಭವ ಹೆಚ್ಚು.

ಕಲ್ಲಿರುವ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. 100 ಮಂದಿಯಲ್ಲಿ ಸುಮಾರು 80 ಮಂದಿಗೆ ಅದು ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುತ್ತದೆ. ಬೇರೊಂದು ಕಾರಣಕ್ಕೆ ಮಾಡಿಸಿದ ಸೋನೋಗ್ರಫಿಯಲ್ಲಿ ಕಂಡ ಇಂತಹ ಕಲ್ಲನ್ನು ಸಾಮಾನ್ಯವಾಗಿ ವೈದ್ಯರೂ ಮುಟ್ಟಹೋಗುವುದಿಲ್ಲ. ಊಟವಾದ ಬಳಿಕ ಬಲ ಪಕ್ಕೆಯ ಕೆಳಗೆ ಅಥವಾ ಮೇಲ್ಹೊಟ್ಟೆಯಲ್ಲಿ ಎದ್ದು, ಬೆನ್ನಿಗೂ ಬಲ ಭುಜಕ್ಕೂ ಹರಡುವ ನೋವು ಮರುಕಳಿಸತೊಡಗಿದಾಗ ಮಾತ್ರ ವಿಷಯ ಗಂಭೀರವಾಗುತ್ತದೆ.

ಹೋಮಿಯೋಪತಿಯಲ್ಲಿ ಇದಕ್ಕೆ ಚೆಲಿಡೋನಿಯಂ, ಕಾರ್ಡುಅಸ್ ಮೇರಿಯಾನಸ್, ಲೈಕೋಪೋಡಿಯಂ, ಬರ್ಬೆರಿಸ್ ಮುಂತಾದವನ್ನು ಕೊಡುವ ರೂಢಿಯಿದೆ. ‘30 ಸಿ’ ಎಂದರೆ ಮೂಲದ್ರವ್ಯದ ಒಂದು ಪಾಲನ್ನು ನೂರು ಪಾಲಿಗೆ ಬೆರೆಸುವ ಕ್ರಿಯೆಯನ್ನು 30 ಬಾರಿ ನಡೆಸಿದ್ದು. ಹನ್ನೆರಡನೆಯ ಬಾರಿಯ ನಂತರ ಮೂಲದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವ ತೀರಾ ಕಡಿಮೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಹೋಮಿಯೋಪತಿ ಪರಿಣಾಮಕಾರಿ ಎಂಬುದಕ್ಕೆ ನಂಬಲರ್ಹ ಪುರಾವೆಯಿರುವ ಕಾಯಿಲೆ ಒಂದೂ ಇಲ್ಲವೆಂದು ತೀರ್ಮಾನಿಸಿತು. ಇನ್ನು ಚೆಲಿಡೋನಿಯಂ ಗಿಡದ ಸಾರವನ್ನೇ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಯುರೋಪಿನಲ್ಲಿ ವರದಿಯಾಗಿವೆ.

ಹಾಗಾದರೆ ‘ನಮಗೆ ಗುಣವಾಯಿತು’ ಎನ್ನುವವರು ಸುಳ್ಳಾಡುತ್ತಾರೆಯೇ? ಖಂಡಿತ ಇಲ್ಲ. ಈ ನೋವಿನ ಸ್ವಭಾವವೇ ಬಂದು ಹೋಗುವುದು. ಪಿತ್ತಕೋಶದ ಬಾಯಿಗೆ ಸಿಲುಕಿದ ಕಲ್ಲು ಹಿಂದೆ ಸರಿದೊಡನೆ ಅದು ತಾನಾಗಿ ಶಮನವಾಗುತ್ತದೆ. ಮತ್ತೆ ತಿಂಗಳುಗಟ್ಟಲೆ ಬಾರದಿರಬಹುದು. ಆಗ ಸೇವಿಸುತ್ತಿದ್ದ ಔಷಧಿಗೆ ಕೀರ್ತಿ ಸಲ್ಲುತ್ತದೆ. ನೋವು ಹೋಗುವುದು ಬೇರೆ, ಕಲ್ಲು ಹೋಗುವುದು ಬೇರೆ. ಖಾತೆಯಲ್ಲಿ ಎಷ್ಟಿದೆಯೆಂದು ತಿಳಿಯಲು ನಾವು ಪಾಸ್‌ಬುಕ್ ನೋಡುತ್ತೇವೆಯೇ ಹೊರತು ಮನಸ್ಸಿನ ನೆಮ್ಮದಿಯನ್ನಲ್ಲ. ಕಲ್ಲಿನ ಲೆಕ್ಕಕ್ಕೆ ಸೋನೋಗ್ರಫಿಯೇ ಪಾಸ್‌ಬುಕ್.

ಮೂತ್ರಪಿಂಡದ ಕಲ್ಲಿನೊಡನೆ ಇದನ್ನು ಹೋಲಿಸುವುದೂ ಸಲ್ಲದು. ಬಾಳೆದಿಂಡಿನ ರಸ, ಹುರುಳಿಕಟ್ಟುಗಳ ಮನೆಮದ್ದು ಆ ಕಲ್ಲಿಗೆ ಸಂಬಂಧಿಸಿದ್ದು. ಆ ಕಲ್ಲು ಚಿಕ್ಕದಾಗಿದ್ದರೆ ಮೂತ್ರದೊಡನೆ ಹೊರಬೀಳುತ್ತದೆ. ಪಿತ್ತಕೋಶದ ಕಲ್ಲಾದರೋ ಜಾರಿ ಹೊರಟರೆ ಪಿತ್ತನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆ, ಸೋಂಕು ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಕಾರಣವಾಗಬಲ್ಲದು. ಇವು ಪ್ರಾಣಕ್ಕೇ ಎರವಾಗಬಹುದು.

ಆಧುನಿಕ ವೈದ್ಯಪದ್ಧತಿಯಲ್ಲಿ ಕರಗಿಸುವ ಔಷಧವೇ ಇಲ್ಲವೆಂದಲ್ಲ. ಅರ್ಸೋಡಿಆಕ್ಸಿಕೋಲಿಕ್ ಆಮ್ಲವು ಕೊಲೆಸ್ಟರಾಲಿನ ಚಿಕ್ಕ ಕಲ್ಲುಗಳನ್ನು ಕೆಲವರಲ್ಲಿ ಕರಗಿಸುತ್ತದೆ. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷದವರೆಗೂ ಸೇವಿಸಬೇಕು. ನಿಲ್ಲಿಸಿದ ಮೇಲೆ ಕಲ್ಲು ಮರಳುವುದೂ ಸಾಮಾನ್ಯ. ಆದುದರಿಂದ ನೋವು ಕೊಡುವ ಕಲ್ಲಿಗೆ ಪಿತ್ತಕೋಶವನ್ನೇ ತೆಗೆಯುವುದು ಪರಿಹಾರವೆನಿಸಿದೆ. ಅದಿಲ್ಲದೆಯೂ ಯಕೃತ್ತಿನ ಪಿತ್ತರಸ ನೇರವಾಗಿ ಕರುಳಿಗೆ ಹರಿದು ಜೀರ್ಣಕ್ರಿಯೆ ನಡೆಯುತ್ತದೆ. ದೊಡ್ಡ ಗಾಯದ ಶಸ್ತ್ರಚಿಕಿತ್ಸೆಯ ಭಯವೂ ಈಗ ಹಳೆಯದು. ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೋಸ್ಕೋಪಿ ವಿಧಾನದಿಂದ ಭಾರತದಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದುದು ನಮ್ಮದೇ ನಗರದಲ್ಲಿ: 1990ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್ಟನ್ ಉದ್ವಾಡಿಯಾ ಅವರಿಂದ. ಇಂದು ಅದು ದಿನನಿತ್ಯದ ಶಸ್ತ್ರಚಿಕಿತ್ಸೆ. ಬಹುತೇಕ ರೋಗಿಗಳು ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ.

ಹೋಮಿಯೋಪತಿಯಲ್ಲಿ ನಂಬಿಕೆಯುಳ್ಳವರನ್ನು ನೋಯಿಸುವುದು ನಮ್ಮ ಉದ್ದೇಶವಲ್ಲ. ಗುಳಿಗೆ ಸೇವಿಸುವುದಾದರೂ ಶಸ್ತ್ರಚಿಕಿತ್ಸಾ ತಜ್ಞರ ಸಲಹೆಯನ್ನು ತಪ್ಪಿಸಬಾರದು. ಸೇವಿಸುತ್ತಿರುವುದನ್ನು ಅವರಿಂದ ಮುಚ್ಚಿಡಲೂ ಬಾರದು. ಮುಲ್ಲರ್ ಪಾದ್ರಿಗಳ ಔಷಧಾಲಯದಿಂದ ಬೆಳೆದ ಸಂಸ್ಥೆಯೇ ಇಂದು ಹೋಮಿಯೋಪತಿ ಕಾಲೇಜಿನ ಜೊತೆಗೆ ಶಸ್ತ್ರಚಿಕಿತ್ಸೆಯುಳ್ಳ ದೊಡ್ಡ ಆಸ್ಪತ್ರೆಯನ್ನೂ ನಡೆಸುತ್ತಿದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಗಾಢವರ್ಣಕ್ಕೆ ತಿರುಗುವುದು, ನಿಲ್ಲದ ವಾಂತಿ, ಗಂಟೆಗಟ್ಟಲೆ ಇಳಿಯದ ನೋವು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದಿರಿ. ಮಾಟುಂಗದವರಿಗೆ ಸಯನ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಗುಳಿಗೆಯ ಡಬ್ಬಿಯನ್ನು ಕಪಾಟಿನಲ್ಲೇ ಬಿಟ್ಟು, ಸೋನೋಗ್ರಫಿಯ ವರದಿಯನ್ನು ಕೈಯಲ್ಲಿ ಹಿಡಿದು ಕೂಡಲೇ ಹೊರಡಿ.