ಬ್ಯಾಸಗ್ಯಾಗ ಹವಾ ಕಡಿಮಿ ಇಡಬೇಕೇನು?

ಕುಂದಗೋಳ ತಾಲ್ಲೂಕಿನ ಸಂಶಿಯಿಂದ ಹುಬ್ಬಳ್ಳಿ ಕಡೆಗೋ ಲಕ್ಷ್ಮೇಶ್ವರದ ಕಡೆಗೋ ಕಾರು ತೆಗೆಯುವವರಿಗೆ ಮಾರ್ಚ್ ಬಂದ ಕೂಡಲೇ ಒಂದು ಸಲಹೆ ಸಿಗುತ್ತದೆ: "ಬ್ಯಾಸಗಿ ಬಂತ್ರಿ, ಗಾಲ್ಯಾಗ ಒಂದೀಟು ಹವಾ ಕಡಿಮಿ ಇಡ್ರಿ, ಬಿಸಲಿಗೆ ಟಾಯರ್ ಒಡಿತಾವ." ಹೇಳುವವರಿಗೆ ನಮ್ಮ ಮೇಲೆ ಕಾಳಜಿಯೇ ಇರುತ್ತದೆ. ಆದರೆ ಟೈರಿನ ಬಗ್ಗೆ ನಮ್ಮ ಕಡೆ ಇರುವ ನಂಬಿಕೆಗಳಲ್ಲಿ ಜೀವಕ್ಕೆ ಎರವಾಗುವಂಥದ್ದು ಇದೇ. ಹಾಗಾಗಿ ಮೊದಲು ಇದನ್ನೇ ಬಿಡಿಸಿ ನೋಡಬೇಕು.

ಕಾದ ಗಾಳಿ ಹಿಗ್ಗುತ್ತದೆ ಎಂಬುದು ನಿಜ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ನಸುಕಿನಲ್ಲಿ 24 ಡಿಗ್ರಿ ಇದ್ದಾಗ 33 ತೋರಿಸಿದ ಟೈರು ಮಧ್ಯಾಹ್ನ 38 ಡಿಗ್ರಿಗೆ 35ರ ಮೇಲೆ ಹೋಗುತ್ತದೆ, ಅರ್ಧ ಗಂಟೆ ಓಡಿದ ಮೇಲೆ ಇನ್ನೂ ಕೆಲವು ಅಂಕ ಏರುತ್ತದೆ. ಕಾರು ತಯಾರಿಸಿದವರು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ 33 ಎಂದು ಬರೆದಿರುತ್ತಾರೆ. ಗಟ್ಟಿಯಿರುವ ಟೈರು ಅಷ್ಟಕ್ಕೆ ಒಡೆಯುವುದಿಲ್ಲ.

ಒಡೆಯುವುದು ಹವಾ ಕಡಿಮೆಯಾದ ಟೈರು. ಅದು ನೆಲಕ್ಕೆ ಹೆಚ್ಚು ಒತ್ತಿಕೊಂಡು ಕೂರುತ್ತದೆ, ಗಾಲಿ ಸುತ್ತಿದಾಗಲೆಲ್ಲ ಪಕ್ಕದ ಗೋಡೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಹತ್ತು-ಹನ್ನೆರಡು ಸುತ್ತು ಹಾಕುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಗ್ಗಿದ ಜಾಗ ಕೈಗೆ ಬಿಸಿ ತಾಗುವಂತೆ, ಆ ಗೋಡೆಯೊಳಗಿನ ರಬ್ಬರೂ ದಾರವೂ ಕಾಯುತ್ತಲೇ ಹೋಗುತ್ತವೆ. ಕಡೆಗೆ ಪದರ ಬಿಚ್ಚುತ್ತದೆ. ಹಳ್ಳಿ ರಸ್ತೆಯಲ್ಲಿ ನಿಧಾನ ಹೋಗುವಾಗ ಇದು ಗೊತ್ತಾಗುವುದಿಲ್ಲ. ಹುಬ್ಬಳ್ಳಿ ದಾಟಿ ಪುಣೆ-ಬೆಂಗಳೂರು ಹೆದ್ದಾರಿ ಹತ್ತಿ, ಐದು ಮಂದಿ ಕೂತು, ಡಿಕ್ಕಿಯಲ್ಲಿ ಮೆಣಸಿನಕಾಯಿ ಚೀಲ ಇಟ್ಟುಕೊಂಡು ವೇಗ ಹಿಡಿದಾಗ ಗೊತ್ತಾಗುತ್ತದೆ.

ಇದೇ ನಂಬಿಕೆಯ ಇನ್ನೊಂದು ರೂಪವೆಂದರೆ ಓಡಿ ಬಂದು ಬಿಸಿಯಾದ ಟೈರಿಗೆ ಮೀಟರ್ ಹಚ್ಚಿ, "38 ಐತಲ್ಲ, ಇಳಸು" ಎನ್ನುವುದು. ಬಿಸಿಯಲ್ಲಿ 33ಕ್ಕೆ ಇಳಿಸಿದ ಟೈರು ಮರುದಿನ ಬೆಳಿಗ್ಗೆ 28ಕ್ಕೆ ಬಂದಿರುತ್ತದೆ. ಅಳತೆ ತಣ್ಣಗಿನ ಟೈರಿನದ್ದೇ ಆಗಬೇಕು: ಕಾರು ಮೂರು ತಾಸಾದರೂ ನಿಂತಿರಬೇಕು, ಇಲ್ಲವೇ ಒಂದೆರಡು ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಹವಾ ಹಾಕುವ ಅಂಗಡಿ ದೂರವಿದ್ದವರು ಒಂದು ಸಣ್ಣ ಮೀಟರನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ನೋಡಿ, ಎಷ್ಟು ಕಡಿಮೆ ಇದೆ ಎಂದು ಬರೆದುಕೊಂಡು ಹೋಗಿ, ಅಷ್ಟನ್ನೇ ಹಾಕಿಸಿದರಾಯಿತು.

ಎಷ್ಟು ಇರಬೇಕು? "ಎಲ್ಲಾ ಕಾರಿಗೂ 35 ನಡೀತೈತಿ" ಎನ್ನುವವರಿದ್ದಾರೆ. ಟೈರಿನ ಗೋಡೆಯ ಮೇಲೆ ಕೊರೆದ 44 ಅಥವಾ 51 ಎಂಬ ಅಂಕಿಯನ್ನೇ ಗುರಿ ಎಂದುಕೊಳ್ಳುವವರೂ ಇದ್ದಾರೆ. ಅದು ಆ ಟೈರಿನ ಗರಿಷ್ಠ ಮಿತಿ. ನಿಮ್ಮ ಕಾರಿನ ಅಂಕಿ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲಿನ ಚೀಟಿಯಲ್ಲಿ, ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಗೆ ಇರುತ್ತದೆ. ಅನೇಕ ಚೀಟಿಗಳಲ್ಲಿ ಎರಡು ಸಾಲು ಇರುತ್ತವೆ, ಒಂದಿಬ್ಬರು ಕೂತಾಗ ಎಷ್ಟು, ತುಂಬಿದ ಕಾರಿಗೆ ಎಷ್ಟು ಎಂದು. ತುಂಬಿದ ಕಾರಿನ ಹಿಂದಿನ ಗಾಲಿಗಳಿಗೆ ಸಾಮಾನ್ಯವಾಗಿ ಹೆಚ್ಚು ಬೇಕು. ಮದುವೆ ಸೀಜನ್ನಿನಲ್ಲಿ ಆ ಎರಡನೇ ಸಾಲನ್ನು ಯಾರೂ ಓದುವುದಿಲ್ಲ ಎಂಬುದೇ ನನ್ನ ಚಿಂತೆ.

"ಕಣ್ಣಿಗೆ ಕಾಣಸ್ತೈತಿ ಬಿಡ್ರಿ, ಹವಾ ಬರೋಬ್ಬರಿ ಐತಿ" ಎಂಬ ಮಾತು ಬೈಕಿಗೆ ಸ್ವಲ್ಪ ಒಪ್ಪಬಹುದು. ಕಾರಿನ ರೇಡಿಯಲ್ ಟೈರಿನ ಗೋಡೆ ಮೆತ್ತಗಿರುತ್ತದೆ. ಸರಿಯಾದ ಹವಾ ಇದ್ದಾಗಲೂ ಕೆಳಗೆ ತುಸು ಉಬ್ಬಿರುತ್ತದೆ, ಏಳೆಂಟು ಪಿಎಸ್‌ಐ ಇಳಿದಾಗಲೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಕಾಲಿನಿಂದ ಒದ್ದು ನೋಡಿದರೂ ತಿಳಿಯುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಇರುವ ಕಾರುಗಳಲ್ಲೂ ಅನೇಕ ಸಲ ಕಾಲುಭಾಗದಷ್ಟು ಹವಾ ಹೋದ ಮೇಲೆಯೇ ಅದು ಹತ್ತುತ್ತದೆ.

ಮೀಟರ್ ಹಿಡಿದು ನೋಡುವವರಿಗೆ ಒಂದು ಗುಟ್ಟು ಸಿಗುತ್ತದೆ. ಡಿಸೆಂಬರಿನ ಚಳಿಗೆ ನಾಲ್ಕೂ ಗಾಲಿ ಎರಡು-ಮೂರು ಅಂಕ ಇಳಿದಿದ್ದರೆ ಅದು ಹವಾಮಾನದ ಕೆಲಸ. ತಿಂಗಳಿಗೆ ಒಂದು ಅಂಕ ತಾನಾಗಿ ಇಳಿಯುವುದೂ ಸಹಜ. ಆದರೆ ಮೂರು ಗಾಲಿ ಸರಿಯಿದ್ದು, ಒಂದು ಮಾತ್ರ ವಾರದಲ್ಲಿ ನಾಲ್ಕು ಅಂಕ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ.

"ಟ್ಯೂಬ್‌ಲೆಸ್ ಅದಾವ, ಪಂಚರ್ ಆಗಂಗಿಲ್ರಿ" ಎಂದು ಅಲಕ್ಷ್ಯ ಮಾಡುವುದು ಇಲ್ಲೇ. ಟ್ಯೂಬ್‌ಲೆಸ್ ಟೈರಿಗೂ ಮೊಳೆ ಚುಚ್ಚುತ್ತದೆ. ಒಳಪದರದ ರಬ್ಬರು ಮೊಳೆಯನ್ನು ಬಿಗಿದು ಹಿಡಿದುಕೊಳ್ಳುವುದರಿಂದ ಹವಾ ಒಮ್ಮೆಲೇ ಹೋಗದೆ ದಿನಗಟ್ಟಲೆ ಸೋರುತ್ತದೆ, ಅಷ್ಟೇ. ನಮ್ಮ ಕಡೆ ಮೊಳೆಗೆ ಬರವಿಲ್ಲ. ಎತ್ತಿನ ಲಾಳದಿಂದ ಕಳಚಿದ್ದು, ಜಾಲಿ ಮುಳ್ಳು, ಹೊಲದೊಳಗೆ ಕಾರು ಇಳಿಸಿದರೆ ಹತ್ತಿ, ತೊಗರಿ ಕೊಯ್ದ ಚೂಪು ಕೂಳೆ. ಮಳೆಗಾಲದಲ್ಲಿ ಎರಿಮಣ್ಣು ಟೈರಿನ ಗೀರುಗಳಲ್ಲಿ ಒಣಗಿ ಕೂತು ಮೊಳೆಯ ತಲೆಯನ್ನೇ ಮುಚ್ಚಿಬಿಡುತ್ತದೆ. ಆದ್ದರಿಂದ ಮೊದಲು ಗಾಲಿ ತೊಳೆಯಬೇಕು. ಆಮೇಲೆ ಒಂದು ಮಗ್ ನೀರಿಗೆ ಶಾಂಪೂ ಚೀಟು ಒಡೆದು ಹಾಕಿ, ನೊರೆ ಮಾಡಿ, ಟೈರಿನ ಮೈಮೇಲೆಲ್ಲ ಸುರಿಯಬೇಕು. ಕಾರನ್ನು ಅರ್ಧ ಸುತ್ತು ಮುಂದೆ ತಳ್ಳಿ ಉಳಿದ ಭಾಗಕ್ಕೂ ಹಾಕಬೇಕು. ಸೋರುವಲ್ಲಿ ಗುಳ್ಳೆ ಏಳುತ್ತಲೇ ಇರುತ್ತದೆ. ಮೈಮೇಲೆ ಏನೂ ಕಾಣದಿದ್ದರೆ ವಾಲ್ವಿನ ಬಾಯಿಗೆ ಒಂದು ಹನಿ ಬಿಟ್ಟು ನೋಡಿ. ಒಳಗಿನ ಪಿನ್ನು ಸಡಿಲಾಗಿದ್ದರೆ ತಿರುಗಿಸಿ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಅಲ್ಲೂ ಇಲ್ಲದಿದ್ದರೆ ಟೈರು ಮತ್ತು ರಿಮ್ಮು ಕೂಡುವ ಅಂಚು ನೋಡಬೇಕು. ತಗ್ಗಿಗೆ ಬಿದ್ದು ಬಾಗಿದ ರಿಮ್ಮು, ತುಕ್ಕು ಹಿಡಿದ ರಿಮ್ಮು ಅಲ್ಲಿಂದ ಬಿಡುತ್ತದೆ. ಪಂಚರ್ ಅಂಗಡಿಯವರಿಗೆ ಇದನ್ನು ಹೇಳಿದರೆ ಸುಮ್ಮನೆ ಮೊಳೆ ಹುಡುಕುವುದು ತಪ್ಪುತ್ತದೆ.

ಮೊಳೆ ಕಂಡ ಕೂಡಲೇ ಕಿತ್ತುಬಿಡಬೇಕು ಎನಿಸುತ್ತದೆ. ಕೀಳಬೇಡಿ. ಅದು ಇರುವವರೆಗೆ ರಂಧ್ರಕ್ಕೆ ಅದೇ ಬಿರಡೆ. ಹವಾ ತುಂಬಿಸಿ, ನಿಧಾನವಾಗಿ ಅಂಗಡಿಗೆ ಒಯ್ಯಿರಿ. ಅಂಟು ಸವರಿದ ರಬ್ಬರ್ ಬತ್ತಿ ತೂರಿಸಿ ಮುಚ್ಚುವುದು ನೆಲಕ್ಕೆ ತಾಗುವ ಭಾಗದ ಸಣ್ಣ ರಂಧ್ರಕ್ಕೆ ಆಗುತ್ತದೆ. ಟೈರು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕುವುದು ಅದಕ್ಕಿಂತ ಗಟ್ಟಿ, ಒಳಗೋಡೆ ಸವೆದಿದ್ದರೆ ಅದೂ ಆಗ ಕಾಣುತ್ತದೆ. ರಂಧ್ರ 6 ಮಿ.ಮೀ.ಗಿಂತ ದೊಡ್ಡದಿದ್ದರೆ, ಅಥವಾ ಪಕ್ಕದ ಗೋಡೆಗೆ ಕೂಳೆ ಚುಚ್ಚಿದ್ದರೆ ರಿಪೇರಿ ಮಾಡಿಸಬಾರದು. ಮಾಡಿಕೊಡುತ್ತೇನೆ ಎಂದರೂ ಬೇಡ. ಸದಾ ಬಗ್ಗುವ ಆ ಜಾಗದಲ್ಲಿ ಬತ್ತಿ ನಿಲ್ಲುವುದಿಲ್ಲ.

ಹವಾದ ಬದಲು ನೈಟ್ರೋಜನ್ ತುಂಬಿಸುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದಿದೆ. ಶುದ್ಧ ನೈಟ್ರೋಜನ್ ತುಸು ನಿಧಾನವಾಗಿ ಸೋರುತ್ತದೆ ನಿಜ, ಆದರೆ ಮೊಳೆಯ ರಂಧ್ರಕ್ಕೆ ಆ ಭೇದವಿಲ್ಲ. ನೈಟ್ರೋಜನ್ ತುಂಬಿದ ಟೈರಿಗೆ ಅವಸರದಲ್ಲಿ ಸಾದಾ ಹವಾ ಹಾಕಿದರೆ ಕೆಡುತ್ತದೆ ಎಂಬುದೂ ಸುಳ್ಳು.

ದಾರಿಯಲ್ಲೇ ಗಾಲಿ ಬದಲಿಸಬೇಕಾಗಿ ಬಂದರೆ ಎರಿಭೂಮಿಯಲ್ಲಿ ಒಂದು ಎಚ್ಚರ ಬೇಕು. ಒಣಗಿದಾಗ ಕಲ್ಲಿನಂತಿರುವ ರಸ್ತೆಯಂಚು ಒಂದು ಮಳೆಗೆ ಮೆತ್ತಗಾಗುತ್ತದೆ. ಜಾಕಿನ ಕಾಲು ಕಾರೆತ್ತುವ ಬದಲು ತಾನೇ ಕುಸಿಯುತ್ತದೆ. ದಪ್ಪನೆಯ ಹಲಗೆ ತುಂಡೊಂದು ಡಿಕ್ಕಿಯಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಎದುರು ಮೂಲೆಯ ಗಾಲಿಗೆ ಕಲ್ಲು ಕೊಡಬೇಕು. ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಪಾನಾ ಹಾಕಿ ಸಡಿಲಿಸಿ, ಆಮೇಲೆ ಎತ್ತಬೇಕು. ಎತ್ತಿದ ಕಾರಿನ ಕೆಳಗೆ ಕೈಕಾಲು ಹೋಗಬಾರದು. ಹೊಸ ಗಾಲಿಯ ನಟ್ಟುಗಳನ್ನು ಒಂದರ ಎದುರಿನದು ಇನ್ನೊಂದು ಎಂಬಂತೆ ಬಿಗಿದು, ಸುಮಾರು 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಇಷ್ಟೆಲ್ಲ ಉಪಯೋಗಕ್ಕೆ ಬರುವುದು ಸ್ಟೆಪ್ನಿಯಲ್ಲಿ ಹವಾ ಇದ್ದರೆ. ಆದ್ದರಿಂದ ನಾಲ್ಕು ಗಾಲಿ ನೋಡುವ ದಿನವೇ ಡಿಕ್ಕಿಯ ಐದನೆಯದಕ್ಕೂ ಮೀಟರ್ ಹಚ್ಚಿ.