ಲ್ಯಾಪ್‌ಟಾಪಿಗೆ ಯಾವ ವೈ-ಫೈ ಇಷ್ಟ?

ಸ್ಕಾಲರ್‌ಶಿಪ್ ಅರ್ಜಿ ತುಂಬಲು ಅದು ಕೊನೆಯ ದಿನ. ಹತ್ತನೇ ತರಗತಿಯ ಹುಡುಗಿಯೊಬ್ಬಳು ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಹೆಸರು, ವಿಳಾಸ, ಬ್ಯಾಂಕ್ ಖಾತೆಯ ನಂಬರು ಎಲ್ಲ ಬರೆದು 'ಸಬ್ಮಿಟ್' ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಲ್ಯಾಬಿನ ರೂಟರ್ ಎದುರಿನ ಗೋಡೆಯಲ್ಲೇ ದೀಪ ಮಿನುಗಿಸುತ್ತಾ ಇದೆ, ಪಕ್ಕದ ಲ್ಯಾಪ್‌ಟಾಪಿನಲ್ಲಿ ನೆಟ್ ಸರಾಗವಾಗಿ ಓಡ್ತಾ ಉಂಟು. ಇವಳದ್ದು ಮಾತ್ರ ಯಾಕೆ ಹೀಗೆ? ಮೇಲಿನ ಮೂಲೆಯ ವೈ-ಫೈ ಚಿಹ್ನೆಯನ್ನು ಒತ್ತಿ ನೋಡಿದೆ. ಅದು ಲ್ಯಾಬಿನ ವೈ-ಫೈಗೆ ಸೇರಿರಲೇ ಇಲ್ಲ, ನನ್ನ ಜೇಬಿನ ಫೋನಿನ ಹಾಟ್‌ಸ್ಪಾಟಿಗೆ ಸೇರಿತ್ತು! ಫೋನಿನ ಆ ದಿನದ ಡೇಟಾ ಆಗಲೇ ಮುಗಿದು ವೇಗ ಆಮೆಯದ್ದಾಗಿತ್ತು.

ಹಿಂದಿನ ದಿನ ಕರೆಂಟ್ ಹೋಗಿ ರೂಟರ್ ನಿಂತಾಗ ಅದೇ ಲ್ಯಾಪ್‌ಟಾಪಿಗೆ ನಾನೇ ಒಂದು ಸಲ ಹಾಟ್‌ಸ್ಪಾಟ್ ಕೊಟ್ಟಿದ್ದೆ. ಆರಿಸಲು ಮರೆತಿದ್ದೆ. ನಾನು ಮರೆತರೂ ಲ್ಯಾಪ್‌ಟಾಪ್ ಮರೆತಿರಲಿಲ್ಲ.

ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು" ಅಂತ ಕೂಗುವುದನ್ನು ನೀವು ಕೇಳಿರಬಹುದು. ರೂಟರ್ ಕೂಡ ಹಾಗೆಯೇ, ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನು ರೇಡಿಯೋ ಅಲೆಗಳಲ್ಲಿ ಸಾರುತ್ತಾ ಇರುತ್ತದೆ. ಈ ಕೂಗಿಗೆ ಬೀಕನ್ ಎನ್ನುತ್ತಾರೆ. ಹೆಸರಿಗೆ 32 ಬೈಟ್‌ಗಳ ಮಿತಿಯುಂಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಕಾಗುಣಿತದ ಚಿಹ್ನೆ, ಒತ್ತಿನ ಹಿಂದಿನ ವಿರಾಮಚಿಹ್ನೆ ಒಂದೊಂದಕ್ಕೂ 3 ಬೈಟ್ ಬೇಕು. 'ಕಾಸರಗೋಡು' ಎಂದಿಟ್ಟರೆ 24 ಬೈಟ್ ಆಗುತ್ತದೆ, ಹಿಡಿಸುತ್ತದೆ. ನಿಮ್ಮ ಶಾಲೆಯ ಹೆಸರು ಹಿಡಿಸುತ್ತದೋ, ಲೆಕ್ಕ ಹಾಕಿ ನೋಡಿ.

ನೀವು ಒಂದು ಸಲ ಪಾಸ್‌ವರ್ಡ್ ಕೊಟ್ಟು ಸೇರಿದ ನೆಟ್‌ವರ್ಕನ್ನು ಕಂಪ್ಯೂಟರ್ ತನ್ನ ಪಟ್ಟಿಯಲ್ಲಿ ಬರೆದಿಡುತ್ತದೆ. ಮುಂದಿನ ಸಲ ಆ ಹೆಸರು ಕೇಳಿಸಿದರೆ ನಿಮ್ಮನ್ನು ಕೇಳದೆ ಸೇರಿಬಿಡುತ್ತದೆ. ಪಟ್ಟಿಯ ಎರಡು ಹೆಸರು ಒಟ್ಟಿಗೇ ಕೇಳಿಸಿದರೆ? ಕೇರಳದ ಶಾಲೆಗಳಲ್ಲಿ ನಾವು ಬಳಸುವುದು 'ಕೈಟ್' ಸಂಸ್ಥೆ ಉಬುಂಟುವಿನಿಂದ ರೂಪಿಸಿದ ಗ್ನೂ/ಲಿನಕ್ಸ್. ಅದರಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ಇದನ್ನು ತೀರ್ಮಾನಿಸುತ್ತದೆ. ಪ್ರತಿ ನೆಟ್‌ವರ್ಕಿಗೂ ಒಂದು ಆದ್ಯತೆಯ ಅಂಕಿ ಇರುತ್ತದೆ. ದೊಡ್ಡ ಅಂಕಿಯದ್ದಕ್ಕೆ ಮೊದಲ ಮಣೆ. ನಾವು ಏನೂ ಮುಟ್ಟದಿದ್ದರೆ ಎಲ್ಲವೂ 0. ಎಲ್ಲರೂ ಸಮಾನರಾದಾಗ ಕೊನೆಯ ಸಲ ಯಾವುದಕ್ಕೆ ಸೇರಿತ್ತೋ ಅದನ್ನೇ ಆರಿಸುತ್ತದೆ. ಹುಡುಗಿಯ ಲ್ಯಾಪ್‌ಟಾಪ್ ಮಾಡಿದ್ದೂ ಇದನ್ನೇ, ಅದರ ತಪ್ಪೇನಿಲ್ಲ. ಇನ್ನೊಂದು ಮಾತು: ಒಂದಕ್ಕೆ ಸೇರಿಯಾದ ಮೇಲೆ, ಹೆಚ್ಚು ಆದ್ಯತೆಯ ಇನ್ನೊಂದು ಪಕ್ಕದಲ್ಲೇ ಬಂದರೂ ಅದು ತಾನಾಗಿ ಬಿಟ್ಟು ಹಾರುವುದಿಲ್ಲ.

ಅಂಕಿ ಬದಲಿಸುವುದು ಕಷ್ಟವಲ್ಲ. 'ಅಡ್ವಾನ್ಸ್‌ಡ್ ನೆಟ್‌ವರ್ಕ್ ಕಾನ್ಫಿಗರೇಶನ್' ತೆರೆಯಿರಿ, ಲ್ಯಾಬಿನ ವೈ-ಫೈ ಹೆಸರನ್ನು ಎರಡು ಸಲ ಕ್ಲಿಕ್ ಮಾಡಿ, 'ಜನರಲ್' ಎಂಬಲ್ಲಿ ಆದ್ಯತೆಯ ಜಾಗದಲ್ಲಿ 10 ಎಂದು ಕೊಟ್ಟು ಸೇವ್ ಮಾಡಿ. 1 ಕೊಟ್ರೂ ಸಾಕು. ನಡುವೆ ಜಾಗ ಬಿಟ್ಟರೆ ಮುಂದೆ ಇನ್ನೊಂದನ್ನು ತೂರಿಸಬಹುದು ಅಂತ 10. ಮೇಷ್ಟರ ಫೋನಿನ ಹಾಟ್‌ಸ್ಪಾಟಿಗೆ ಮಾತ್ರ ಬೇರೆ ಮದ್ದು: 'ಸೆಟ್ಟಿಂಗ್ಸ್'ನಲ್ಲಿ ವೈ-ಫೈ ಪುಟಕ್ಕೆ ಹೋಗಿ, ಅದರ ಹೆಸರಿನ ಎದುರಿರುವ ಹಲ್ಲಿನ ಚಕ್ರವನ್ನು ಒತ್ತಿ 'ಕನೆಕ್ಟ್ ಆಟೋಮ್ಯಾಟಿಕಲಿ' ಎಂಬಲ್ಲಿನ ಗುರುತನ್ನು ತೆಗೆದುಬಿಡಿ. ಪಾಸ್‌ವರ್ಡ್ ನೆನಪಿನಲ್ಲೇ ಇರುತ್ತದೆ, ನೀವು ಕರೆದರೆ ಮಾತ್ರ ಸೇರುತ್ತದೆ.

ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಪಟ್ಟಿ ಕಣ್ಣೆದುರೇ ಇತ್ತು, ಹೆಸರುಗಳನ್ನು ಮೇಲೆ ಕೆಳಗೆ ಸರಿಸುವ ಬಟನ್ ಕೂಡ. ಈಗಿನ ವಿಂಡೋಸ್‌ನಲ್ಲಿ 'ಸೆಟ್ಟಿಂಗ್ಸ್', 'ನೆಟ್‌ವರ್ಕ್ ಅಂಡ್ ಇಂಟರ್ನೆಟ್', 'ವೈ-ಫೈ', 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್' ಅಂತ ಒಳಗೊಳಗೆ ಹುಡುಕಿಕೊಂಡು ಹೋಗಬೇಕು.

ಡೇಟಾ ಹೋದರೆ ಹೋಗಲಿ, ನಾಳೆ ಬರುತ್ತದೆ. ನನಗೆ ಹೆಚ್ಚು ಹೆದರಿಕೆ ಪಟ್ಟಿಯಲ್ಲಿ ಉಳಿದುಹೋಗುವ ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್‌ಗಳದ್ದು. ಪಾಸ್‌ವರ್ಡ್ ಇರುವಲ್ಲಿ ರೂಟರ್ ಮತ್ತು ಕಂಪ್ಯೂಟರ್ ಎರಡೂ ತಮಗೆ ಆ ಗುಟ್ಟು ಗೊತ್ತೆಂದು, ಗುಟ್ಟನ್ನು ಬಾಯಿಬಿಡದೆಯೇ, ಲೆಕ್ಕದ ಮೂಲಕ ಪರಸ್ಪರ ತೋರಿಸಿಕೊಡುತ್ತವೆ. ಕಳ್ಳ ಹೆಸರನ್ನು ಕದ್ದರೂ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಅಲ್ಲಿ ಸಿಕ್ಕಿಬೀಳುತ್ತಾನೆ. ಪಾಸ್‌ವರ್ಡ್ ಇಲ್ಲದ ಕಡೆ ಕಂಪ್ಯೂಟರಿಗೆ ಗುರುತು ಎಂದರೆ ಹೆಸರು ಮಾತ್ರ. ನೀವು ಎಂದೋ ಒಂದು ಹೋಟೆಲಿನ ಉಚಿತ ವೈ-ಫೈಗೆ ಸೇರಿದ್ದೀರಿ ಅಂತಿಟ್ಟುಕೊಳ್ಳಿ. ಇನ್ಯಾವುದೋ ಊರಲ್ಲಿ ಯಾರೋ ತನ್ನ ಫೋನಿನ ಹಾಟ್‌ಸ್ಪಾಟಿಗೆ ಪಾಸ್‌ವರ್ಡ್ ಹಾಕದೆ ಅದೇ ಹೆಸರಿಟ್ಟರೆ, ನಿಮ್ಮ ಲ್ಯಾಪ್‌ಟಾಪ್ ಹಳೇ ಪರಿಚಯ ಎಂದು ಸೇರಿಕೊಳ್ಳುತ್ತದೆ. ಆಮೇಲೆ ನೀವು ಯಾವ ಯಾವ ಜಾಲತಾಣಕ್ಕೆ ಹೋಗುತ್ತೀರಿ ಎಂದು ಅವನು ನೋಡಬಹುದು, ನಕಲಿ ಲಾಗಿನ್ ಪುಟವನ್ನೂ ಮುಂದಿಡಬಹುದು. ಬ್ಯಾಂಕ್ ಖಾತೆಯ ನಂಬರು ಬರೆಯುವ ಹೊತ್ತಿಗೆ ಇಂಥವನ ಕೈಯಲ್ಲಿ ನಾವಿರಬಾರದು. ಅಂಥ ಹೆಸರುಗಳಿಗೆ ಆದ್ಯತೆ ಕಡಿಮೆ ಮಾಡಿ ಪ್ರಯೋಜನವಿಲ್ಲ, ಬೇರೆ ಪರಿಚಿತ ನೆಟ್‌ವರ್ಕ್ ಇಲ್ಲದ ಕಡೆ ಅದಕ್ಕೇ ಸೇರುತ್ತದೆ. 'ಫರ್‌ಗೆಟ್' ಒತ್ತಿ ಅಳಿಸಿಯೇ ಬಿಡಿ. ಮುಂದೆ ಬೇಕಾದರೆ ಮತ್ತೆ ಸೇರಲು ಅರ್ಧ ನಿಮಿಷ ಸಾಕು.

ಆ ಅರ್ಜಿಯೇನಾಯಿತು ಅಂತೀರಾ? ಲ್ಯಾಬಿನ ವೈ-ಫೈಗೆ ಬದಲಿಸಿದಾಗ ಪುಟ ಖಾಲಿಯಾಗಿತ್ತು. ಅವಳು ಮೊದಲಿನಿಂದ ಬರೆದಳು, ನಾನು ಪಕ್ಕದಲ್ಲಿ ಫೋನ್ ಆರಿಸಿಕೊಂಡು ಕೂತಿದ್ದೆ. ಸಂಜೆ ಬೆಲ್ ಹೊಡೆಯುವ ಮೊದಲು ಅರ್ಜಿಯ ನಂಬರು ಬಂತು. ಮನೆಗೆ ಹೋಗಿ ನನ್ನ ಸ್ವಂತ ಲ್ಯಾಪ್‌ಟಾಪಿನ ಪಟ್ಟಿ ತೆರೆದೆ. ಯಾವುದೋ ಮದುವೆಗೆ ಹೋದಾಗ ಇಳಿದಿದ್ದ ಲಾಡ್ಜಿನ ಹೆಸರು ಇನ್ನೂ ಅದರಲ್ಲಿತ್ತು, ಪಾಸ್‌ವರ್ಡ್ ಇಲ್ಲದ್ದು.